ದೇಹವನ್ನು ಕಲಿಸುವವರು ಯಾರು? ಅಂಗರಚನಾಶಾಸ್ತ್ರದ ಉನ್ನತ ಓದು ಮತ್ತು ನಮ್ಮ ಹೊಣೆ

ರಾಷ್ಟ್ರೀಯ ವೈದ್ಯಕೀಯ ಆಯೋಗವು 2025ರ ಜುಲೈಯಲ್ಲಿ ವೈದ್ಯಕೀಯ ಕಾಲೇಜುಗಳ ಬೋಧಕರ ಅರ್ಹತೆಯ ಕುರಿತು ಹೊಸ ನಿಯಮಾವಳಿಯನ್ನು ಪ್ರಕಟಿಸಿತು. ಎಂಬಿಬಿಎಸ್ ಸೀಟು, ಶುಲ್ಕ, ನೀಟ್ ಪರೀಕ್ಷೆಯ ಗದ್ದಲದ ನಡುವೆ ಈ ಸುದ್ದಿ ಹೆಚ್ಚಿನವರ ಗಮನಕ್ಕೆ ಬಾರದೆ ಹೋಯಿತು. ಆದರೆ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಔಷಧಶಾಸ್ತ್ರ ಮೊದಲಾದ ವಿಷಯಗಳಲ್ಲಿ ಎಂಎಸ್ಸಿ, ಪಿಎಚ್‌ಡಿ ಮಾಡಿದ ಯುವಜನರಿಗೆ ಇದು ಅನ್ನದ ಪ್ರಶ್ನೆ. ಅವರು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಬಹುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಇಂಥ ನಿಯಮಗಳೇ.

ನಮ್ಮ ಕರಾವಳಿಗೆ ಇದು ದೂರದ ವಿಷಯವಲ್ಲ. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಆರಂಭವಾಯಿತು. 1880ರಲ್ಲಿ ಜೆಸ್ವಿತ್ ಗುರು ಅಗಸ್ಟಸ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಆರಂಭಿಸಿದ ಔಷಧಾಲಯದ ಬಳುವಳಿಯಾಗಿ 1999ರಲ್ಲಿ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜು ಹುಟ್ಟಿತು. ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಎಂಟು ವೈದ್ಯಕೀಯ ಕಾಲೇಜುಗಳಿವೆ. ಇವೆಲ್ಲವುಗಳಲ್ಲೂ ವಿದ್ಯಾರ್ಥಿ ಮೊದಲ ವರ್ಷ ಕಾಲಿಡುವ ವಿಭಾಗ ಅಂಗರಚನಾಶಾಸ್ತ್ರ. ಅಲ್ಲಿ ಅವನಿಗೆ ಕಲಿಸಲು ಎರಡು ಬಗೆಯ ಜನರು ಬೇಕು. ಒಂದು, ತಮ್ಮ ವರ್ಷಗಳನ್ನು ಕೊಡುವ ಶಿಕ್ಷಕರು. ಎರಡು, ಸತ್ತ ಮೇಲೆ ತಮ್ಮ ದೇಹವನ್ನು ಕೊಡುವವರು. ಆಸ್ಪತ್ರೆಗಳಿಗೂ ಶಿಕ್ಷಣಕ್ಕೂ ಹೆಸರಾದ ನಮ್ಮ ಸಮುದಾಯದಿಂದ ಇವೆರಡೂ ಸಾಕಷ್ಟು ಬರುತ್ತಿವೆಯೇ? ಇದು ನಾವು ಈ ಲೇಖನದಲ್ಲಿ ಕೇಳಬಯಸುವ ಪ್ರಶ್ನೆ.

ಏನಿದು ಓದು?

ಅನಾಟಮಿ ಎಂದಾಕ್ಷಣ ಹೆಣ ಕೊಯ್ಯುವುದು ಎಂಬ ಒಂದೇ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ಬಿಎಸ್ಸಿ ಮುಗಿಸಿದ ಮಗಳು ಎಂಎಸ್ಸಿ ಅನಾಟಮಿಗೆ ಸೇರುತ್ತೇನೆ ಎಂದರೆ ಮನೆಯಲ್ಲಿ ಮೊದಲು ಮುಖ ಸಿಂಡರಿಸುವುದು ಅಜ್ಜಿ, ನಂತರ ಮದುವೆ ದಲ್ಲಾಳಿ! ವಾಸ್ತವದಲ್ಲಿ ಶವಛೇದನ ಈ ಓದಿನ ಒಂದು ಭಾಗ ಮಾತ್ರ.

ವೈದ್ಯಕೀಯ ಕಾಲೇಜುಗಳಲ್ಲಿ ನಡೆಯುವ ಮೆಡಿಕಲ್ ಎಂಎಸ್ಸಿ ಸಾಮಾನ್ಯವಾಗಿ ಮೂರು ವರ್ಷಗಳ ಕೋರ್ಸ್. ಮೊದಲ ವರ್ಷ ಎಂಬಿಬಿಎಸ್ ಮೊದಲ ವರ್ಷದ ಮೂರು ವಿಷಯಗಳನ್ನೂ ಓದಬೇಕು. ಉಳಿದ ಎರಡು ವರ್ಷ ಆಯ್ದ ವಿಷಯದ ಆಳವಾದ ಅಧ್ಯಯನ. ಅಂಗರಚನಾಶಾಸ್ತ್ರವನ್ನು ಆಯ್ದುಕೊಂಡವರು ಬರಿಗಣ್ಣಿಗೆ ಕಾಣುವ ಅಂಗಾಂಗಗಳನ್ನು ಮಾತ್ರವಲ್ಲ, ಸೂಕ್ಷ್ಮದರ್ಶಕದಡಿ ಕಾಣುವ ಅಂಗಾಂಶಗಳನ್ನೂ ಕಲಿಯುತ್ತಾರೆ. ಯಕೃತ್ತಿನ ಒಂದು ತುಣುಕನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಯಂತ್ರದಿಂದ ಕೂದಲೆಳೆಗಿಂತಲೂ ತೆಳ್ಳಗೆ ಸೀಳಿ, ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸುವ ಕೆಲಸವನ್ನು ಕೈಯಾರೆ ಮಾಡುತ್ತಾರೆ. ತಾಯಿಯ ಗರ್ಭದಲ್ಲಿ ಒಂದೇ ಜೀವಕೋಶದಿಂದ ಮಗುವಿನ ಹೃದಯ, ಮಿದುಳು, ಬೆನ್ನುಹುರಿ ಹೇಗೆ ರೂಪುಗೊಳ್ಳುತ್ತವೆ, ಎಲ್ಲಿ ತಪ್ಪಿದರೆ ಸೀಳು ತುಟಿ ಅಥವಾ ಹೃದಯದ ರಂಧ್ರ ಉಂಟಾಗುತ್ತದೆ ಎಂಬುದನ್ನು ಭ್ರೂಣವಿಜ್ಞಾನ ತಿಳಿಸುತ್ತದೆ. ರಕ್ತದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ವರ್ಣತಂತುಗಳನ್ನು ಎಣಿಸುವ ವಿದ್ಯೆಯೂ ಇದರಲ್ಲಿದೆ. ಮುಂದೆ ಪಿಎಚ್‌ಡಿಗೆ ಹೋದವರು ಜೀವಕೋಶದೊಳಗಿನ ವ್ಯವಹಾರವನ್ನೇ ಸಂಶೋಧನೆಯ ವಸ್ತುವಾಗಿಸಿಕೊಳ್ಳುತ್ತಾರೆ. ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಜೀವಕೋಶ ವಿಜ್ಞಾನ ಮತ್ತು ಅಂಗರಚನಾಶಾಸ್ತ್ರ ಎರಡೂ ಒಂದೇ ವಿಭಾಗದಲ್ಲಿರುವುದಕ್ಕೆ ಕಾರಣ ಇದೇ. ದೇಹದ ಆಕಾರವನ್ನು ತಿಳಿಯಲು ಅದನ್ನು ಕಟ್ಟಿದ ಕೋಶಗಳನ್ನೂ ತಿಳಿಯಬೇಕು.

ಇಷ್ಟೆಲ್ಲ ಕಲಿತ ವ್ಯಕ್ತಿಯನ್ನು ನಮ್ಮ ಸಮಾಜ ಡಾಕ್ಟರ್ ಆಗಲಾಗದೆ ಎಂಎಸ್ಸಿ ಮಾಡಿದವರು ಎಂಬ ಸಾಲಿಗೆ ಸೇರಿಸಿಬಿಡುತ್ತದೆ. ಇದು ವಿಷಾದಕರ. ನಾಳೆ ನಮ್ಮ ಮಗುವಿನ ಹೊಟ್ಟೆಗೆ ಕತ್ತರಿ ಹಾಕುವ ಶಸ್ತ್ರಚಿಕಿತ್ಸಕನಿಗೆ ಯಾವ ರಕ್ತನಾಳ ಎಲ್ಲಿ ಹಾದುಹೋಗುತ್ತದೆ ಎಂದು ಮೊದಲು ತೋರಿಸಿಕೊಡುವವರು ಇವರೇ ಎಂಬುದನ್ನು ಮರೆಯುವಂತಿಲ್ಲ.

ನಿಯಮಗಳ ಹಗ್ಗಜಗ್ಗಾಟ

ಹಿಂದಿನ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮಗಳು ಈ ಮೆಡಿಕಲ್ ಎಂಎಸ್ಸಿ, ಪಿಎಚ್‌ಡಿ ಪದವೀಧರರಿಗೆ ಒಂದು ಬಾಗಿಲು ತೆರೆದಿಟ್ಟಿದ್ದವು. ಅಂಗರಚನಾಶಾಸ್ತ್ರ ವಿಭಾಗದಲ್ಲಿ ಶೇಕಡಾ 30ರ ತನಕ, ಜೀವರಸಾಯನಶಾಸ್ತ್ರದಲ್ಲಿ ಶೇಕಡಾ 50ರ ತನಕ ಹುದ್ದೆಗಳನ್ನು ಇವರಿಂದ ತುಂಬಬಹುದಿತ್ತು. ಸಹಾಯಕ ಪ್ರಾಧ್ಯಾಪಕರಾಗಲು ಎಂಎಸ್ಸಿಯ ಮೇಲೆ ಪಿಎಚ್‌ಡಿಯೂ ಬೇಕು. ಈ ಭರವಸೆಯ ಮೇಲೆಯೇ ಸಾವಿರಾರು ಯುವಜನರು ಸಾಲ ಮಾಡಿ ಓದಿದರು.

2020ರ ಅಕ್ಟೋಬರ್‌ನಲ್ಲಿ ಹೊಸದಾಗಿ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವು ಈ ಪ್ರಮಾಣವನ್ನು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರಗಳಲ್ಲಿ ಶೇಕಡಾ 15ಕ್ಕೆ ಇಳಿಸಿತು. ಸೂಕ್ಷ್ಮಜೀವಶಾಸ್ತ್ರ ಮತ್ತು ಔಷಧಶಾಸ್ತ್ರಗಳಲ್ಲಿ ಬಾಗಿಲನ್ನೇ ಮುಚ್ಚಿತು. ವೈದ್ಯರಾಗುವವರಿಗೆ ವೈದ್ಯರೇ ಕಲಿಸಬೇಕು, ರೋಗಿಯನ್ನು ಕಂಡವರಿಗೆ ಮಾತ್ರ ಪಾಠವನ್ನು ಚಿಕಿತ್ಸೆಗೆ ಜೋಡಿಸಿ ಹೇಳಲು ಬರುತ್ತದೆ ಎಂಬುದು ಇದರ ಪರವಾದ ವಾದ. ಈ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. 2019ರಲ್ಲಿ ಜಾರಿಗೆ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮವು ಮೊದಲ ವರ್ಷದಿಂದಲೇ ಪಾಠವನ್ನು ರೋಗಿಯ ಹಾಸಿಗೆಗೆ ಹತ್ತಿರ ತರಲು ಯತ್ನಿಸುತ್ತಿದೆ. ಎಂಎಸ್ಸಿ ಬೋಧಕರ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ದಶಕಗಳಿಂದ ನಾವೇ ಕಲಿಸಿದ ವಿದ್ಯಾರ್ಥಿಗಳು ಒಳ್ಳೆಯ ವೈದ್ಯರಾಗಿಲ್ಲವೇ, ಹಾಗಿದ್ದರೆ ನಮ್ಮ ಕೋರ್ಸನ್ನು ಇಷ್ಟು ವರ್ಷ ನಡೆಸಿದ್ದೇಕೆ ಎಂಬುದು ಅವರ ಪ್ರಶ್ನೆ. ಇದನ್ನೂ ತಳ್ಳಿಹಾಕುವಂತಿಲ್ಲ.

2025ರ ನಿಯಮಾವಳಿಯು ಮುಚ್ಚಿದ ಬಾಗಿಲನ್ನು ಮತ್ತೆ ತೆರೆದಿದೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳ ಜೊತೆಗೆ ಸೂಕ್ಷ್ಮಜೀವಶಾಸ್ತ್ರ ಮತ್ತು ಔಷಧಶಾಸ್ತ್ರ ವಿಭಾಗಗಳಲ್ಲೂ ಎಂಎಸ್ಸಿ ಮತ್ತು ಪಿಎಚ್‌ಡಿ ಪಡೆದವರನ್ನು ಬೋಧಕರಾಗಿ ನೇಮಿಸಲು ಅವಕಾಶವಾಗಿದೆ. ಸಂತೋಷದ ವಿಷಯವೇ ಸರಿ. ಆದರೆ ಐದು ವರ್ಷಗಳ ಅಂತರದಲ್ಲಿ ಒಂದು ಸಲ ಮುಚ್ಚಿ ಇನ್ನೊಂದು ಸಲ ತೆರೆದ ಬಾಗಿಲನ್ನು ನಂಬಿ ಒಬ್ಬ ಹುಡುಗಿ ಆರೇಳು ವರ್ಷ ಓದಬೇಕೆ? ಬಡ್ಡಿ ಕಟ್ಟುವ ತಂದೆ ತಾಯಿಗೆ ಯಾರು ಉತ್ತರ ಕೊಡುತ್ತಾರೆ?

ಬೆಳೆಯುವ ಕಾಲೇಜು, ಖಾಲಿ ಸೀಟು

ನಿಯಮ ಸಡಿಲವಾದದ್ದು ಏಕೆ ಎಂದು ತಿಳಿಯಲು ಕೆಲವು ಅಂಕಿಗಳು ಸಾಕು. ಕೇಂದ್ರ ಸರಕಾರದ ಪ್ರಕಾರ 2014ಕ್ಕೆ ಮುಂಚೆ ದೇಶದಲ್ಲಿದ್ದ ವೈದ್ಯಕೀಯ ಕಾಲೇಜುಗಳು 387. ಹತ್ತು ವರ್ಷಗಳಲ್ಲಿ ಅವು 780ಕ್ಕೆ ಏರಿದವು. ಎಂಬಿಬಿಎಸ್ ಸೀಟುಗಳು 51,348ರಿಂದ 1,15,000 ದಾಟಿದವು. 2024ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿಯವರು ಐದು ವರ್ಷಗಳಲ್ಲಿ ಇನ್ನೂ 75,000 ಸೀಟುಗಳನ್ನು ಹೆಚ್ಚಿಸುವುದಾಗಿ ಘೋಷಿಸಿದರು. ಕಟ್ಟಡ ಎರಡು ವರ್ಷದಲ್ಲಿ ಏಳುತ್ತದೆ. ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರೊಬ್ಬರು ತಯಾರಾಗಲು ಅದರ ಹಲವು ಪಟ್ಟು ಕಾಲ ಬೇಕು.

ಎಂಬಿಬಿಎಸ್ ಮುಗಿಸಿದವರು ಈ ಕಡೆಗೆ ಬರುತ್ತಾರೆಯೇ ಎಂದರೆ ಅದೂ ಇಲ್ಲ. ಎಂಡಿ ಅನಾಟಮಿಯಂಥ ರೋಗಿ ಸಂಪರ್ಕವಿಲ್ಲದ ವಿಭಾಗಗಳ ಸೀಟುಗಳು ವರ್ಷ ವರ್ಷವೂ ಖಾಲಿ ಉಳಿಯುತ್ತವೆ. ಸೀಟು ತುಂಬಿಸಲು 2023ರಲ್ಲಿ ನೀಟ್-ಪಿಜಿ ಅರ್ಹತಾ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಲಾಯಿತು. ಅಂದರೆ ಪರೀಕ್ಷೆ ಬರೆದ ಯಾರೂ ಕೌನ್ಸೆಲಿಂಗ್‌ಗೆ ಅರ್ಹರು! ಚರ್ಮರೋಗ, ರೇಡಿಯಾಲಜಿ ಸೀಟುಗಳಿಗೆ ಮುಗಿಬೀಳುವ ಯುವ ವೈದ್ಯರು ಅಂಗರಚನಾಶಾಸ್ತ್ರವನ್ನು ಕೊನೆಯ ಆಯ್ಕೆಯಾಗಿಯೂ ಪರಿಗಣಿಸುತ್ತಿಲ್ಲ. ಖಾಸಗಿ ಪ್ರಾಕ್ಟೀಸ್ ಇಲ್ಲ, ಸಂಬಳ ಕಡಿಮೆ, ಹೆಸರಿಲ್ಲ. ಅವರನ್ನು ದೂರಿ ಪ್ರಯೋಜನವೇನು? ಕಲಿಸುವ ಕೆಲಸಕ್ಕೆ ನಾವು ಕೊಟ್ಟ ಬೆಲೆಯನ್ನೇ ಅವರು ನಮಗೆ ಹಿಂದಿರುಗಿಸುತ್ತಿದ್ದಾರೆ.

ಧರ್ಮಸಭೆ ಮತ್ತು ಅಂಗರಚನೆ: ಒಂದು ತಪ್ಪು ಕಲ್ಪನೆ

ಹೆಣ ಕೊಯ್ಯುವುದನ್ನು ಧರ್ಮಸಭೆ ನಿಷೇಧಿಸಿತ್ತು ಎಂಬ ಮಾತು ಈಗಲೂ ಕೇಳಿಬರುತ್ತದೆ. ಇದರ ಮೂಲ 1299ರಲ್ಲಿ ಪೋಪ್ ಎಂಟನೇ ಬೊನಿಫಾಸ್ ಹೊರಡಿಸಿದ ಆಜ್ಞೆ. ದೂರದೇಶದಲ್ಲಿ ಸತ್ತವರ ಶವವನ್ನು ಬೇಯಿಸಿ, ಎಲುಬುಗಳನ್ನು ಮಾತ್ರ ಊರಿಗೆ ಸಾಗಿಸುವ ಪದ್ಧತಿಯನ್ನು ಆ ಆಜ್ಞೆ ಖಂಡಿಸಿತ್ತು. ಮುಂದೆ ಅದನ್ನು ಶವಛೇದನದ ನಿಷೇಧವೆಂದು ಅನೇಕರು ಓದಿಕೊಂಡರು. ಆದರೆ ಆ ಆಜ್ಞೆ ಬಂದ ಎರಡು ದಶಕಗಳೊಳಗೇ ಇಟಲಿಯ ಬೊಲೊನ್ಯಾದಲ್ಲಿ ಮೊಂದಿನೊ ಎಂಬ ಪ್ರಾಧ್ಯಾಪಕರು ವಿದ್ಯಾರ್ಥಿಗಳ ಮುಂದೆ ಮಾನವ ಶವಛೇದನ ನಡೆಸಿದ್ದರು.

ನಮ್ಮ ಯುವಜನರಿಗೆ ಪರಿಚಯಿಸಬೇಕಾದ ಹೆಸರೊಂದಿದೆ. ಅದು ಪುನೀತ ನಿಕೊಲಾಸ್ ಸ್ಟೆನೊ ಅವರದು. 1638ರಲ್ಲಿ ಕೋಪನ್‌ಹೇಗನ್‌ನಲ್ಲಿ ಲುಥೆರನ್ ಕುಟುಂಬದಲ್ಲಿ ಹುಟ್ಟಿದ ಇವರು ತಮ್ಮ ಕಾಲದ ಶ್ರೇಷ್ಠ ಅಂಗರಚನಾತಜ್ಞರು. ಕೆನ್ನೆಯ ಜೊಲ್ಲುಗ್ರಂಥಿಯಿಂದ ಬಾಯಿಗೆ ಬರುವ ನಾಳವನ್ನು 1660ರಲ್ಲಿ ಗುರುತಿಸಿದವರು ಇವರೇ. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಅದನ್ನು ಸ್ಟೆನ್ಸನ್ ನಾಳ ಎಂದೇ ಓದುತ್ತಾರೆ. ಹೃದಯವೂ ಒಂದು ಸ್ನಾಯು ಎಂದು ಅವರು ತೋರಿಸಿಕೊಟ್ಟರು. 1667ರಲ್ಲಿ ಕಥೋಲಿಕರಾಗಿ, 1675ರಲ್ಲಿ ಗುರುದೀಕ್ಷೆ ಪಡೆದು, 1677ರಲ್ಲಿ ಬಿಷಪರಾದರು. 1988ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಪುನೀತರೆಂದು ಘೋಷಿಸಿದರು. ಕತ್ತಿ ಹಿಡಿದು ದೇಹವನ್ನು ಅರಿತ ಕೈಗಳೇ ಬಲಿಪೀಠದ ಮೇಲೆ ಪರಮ ಪ್ರಸಾದವನ್ನು ಎತ್ತಿ ಹಿಡಿದವು. ಇವೆರಡರ ನಡುವೆ ವೈರುಧ್ಯವಿದೆ ಎಂದು ಅವರಿಗಾಗಲಿ ಧರ್ಮಸಭೆಗಾಗಲಿ ಅನಿಸಲಿಲ್ಲ.

ಜೀವಕೋಶ ಮತ್ತು ಆತ್ಮಸಾಕ್ಷಿ

ಆದರೆ ಎಲ್ಲವೂ ಸರಳ ಎಂದಲ್ಲ. ಜೀವಕೋಶಗಳ ಓದು ಇಂದು ಮನುಷ್ಯ ಜೀವದ ಆರಂಭವನ್ನೇ ಮುಟ್ಟುತ್ತದೆ. ಅಲ್ಲಿ ನಮ್ಮ ವಿಶ್ವಾಸದ ಪ್ರಶ್ನೆಗಳು ಏಳುತ್ತವೆ.

ಡೌನ್ ಸಿಂಡ್ರೋಮ್ ಇರುವ ಮಕ್ಕಳ ಜೀವಕೋಶದಲ್ಲಿ 21ನೇ ವರ್ಣತಂತು ಒಂದು ಹೆಚ್ಚಿಗೆ ಇರುತ್ತದೆ ಎಂಬುದನ್ನು 1959ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪ್ರಕಟಿಸಿದರು. ಜೀವಕೋಶಗಳನ್ನು ಬೆಳೆಸುವ ತಂತ್ರವನ್ನು ಆ ಪ್ರಯೋಗಾಲಯಕ್ಕೆ ತಂದವರು ಮಾರ್ತ್ ಗೋತಿಯೆ ಎಂಬ ವೈದ್ಯೆ. ಅವರ ಪಾಲು ಬಹುಕಾಲ ತೆರೆಮರೆಯಲ್ಲೇ ಉಳಿಯಿತು. ಹೆಸರು ಪಡೆದ ಜೆರೋಮ್ ಲೆಜೂನ್ ಅವರು ನಿಷ್ಠಾವಂತ ಕಥೋಲಿಕರು. ಈ ಮಕ್ಕಳಿಗೆ ಚಿಕಿತ್ಸೆ ಹುಡುಕಲು ನೆರವಾಗಲೆಂದು ಬಯಸಿದ ಅರಿವು, ಹುಟ್ಟುವ ಮೊದಲೇ ಅವರನ್ನು ಗುರುತಿಸಿ ಗರ್ಭಪಾತ ಮಾಡಿಸಲು ಬಳಕೆಯಾದದ್ದನ್ನು ಕಂಡು ಅವರು ನೊಂದರು. ಅದನ್ನು ಬಹಿರಂಗವಾಗಿ ವಿರೋಧಿಸಿದರು. 1994ರಲ್ಲಿ ಜೀವಕ್ಕಾಗಿರುವ ಪೋಂಟಿಫಿಕಲ್ ಅಕಾಡೆಮಿಯ ಮೊದಲ ಅಧ್ಯಕ್ಷರಾದರು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಧರ್ಮಸಭೆ ಅವರ ವೀರ ಸದ್ಗುಣಗಳನ್ನು ಮಾನ್ಯ ಮಾಡಿತು.

ನಮ್ಮ ಯುವಜನರ ಮುಂದೆ ಇಂಥದ್ದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಭ್ರೂಣವಿಜ್ಞಾನ ಕಲಿತವರಿಗೆ ಕೆಲಸದ ಒಂದು ದಾರಿ ಪ್ರನಾಳ ಶಿಶು ಕೇಂದ್ರಗಳು. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯ ನಂತರ ಇಂಥ ಕೇಂದ್ರಗಳಲ್ಲಿ ಅರ್ಹ ಭ್ರೂಣತಜ್ಞರು ಇರಬೇಕಾಗಿದೆ. ಬೋಧನೆಯ ಬಾಗಿಲು ಮುಚ್ಚಿದಾಗ ಈ ಬಾಗಿಲು ತೆರೆದಿರುತ್ತದೆ. ಆದರೆ ಮಾನವ ಭ್ರೂಣವನ್ನು ಪ್ರಯೋಗಾಲಯದಲ್ಲಿ ರೂಪಿಸಿ, ಆಯ್ದು, ಉಳಿದದ್ದನ್ನು ಹೆಪ್ಪುಗಟ್ಟಿಸುವ ಅಥವಾ ಎಸೆಯುವ ಪದ್ಧತಿಯನ್ನು ಧರ್ಮಸಭೆ 1987ರ ಮತ್ತು 2008ರ ಬೋಧನಾ ಪತ್ರಗಳಲ್ಲಿ ಸ್ಪಷ್ಟವಾಗಿ ತಿರಸ್ಕರಿಸಿದೆ. ಹಾಗೆಂದು ಅಲ್ಲಿ ಕೆಲಸಕ್ಕೆ ಸೇರಿದ ನಮ್ಮ ಮಕ್ಕಳನ್ನು ಬೆರಳು ತೋರಿಸಿ ಹೀಯಾಳಿಸುವುದು ಕ್ರೈಸ್ತ ನಡತೆಯಲ್ಲ. ಕೋರ್ಸಿಗೆ ಸೇರುವ ಮೊದಲೇ ಈ ಸಂಗತಿಯನ್ನು ಅವರೊಡನೆ ಕುಳಿತು ಮಾತನಾಡದೆ ಇರುವುದು ನಮ್ಮ ಲೋಪ.

ವಿಜ್ಞಾನವನ್ನು ಧರ್ಮಸಭೆ ಬೇಡವೆನ್ನುತ್ತದೆ ಎಂದೂ ತಿಳಿಯಬಾರದು. ವಯಸ್ಕರ ದೇಹದಿಂದ, ಹೊಕ್ಕುಳಬಳ್ಳಿಯ ರಕ್ತದಿಂದ ಆಕರಕೋಶಗಳನ್ನು ಪಡೆದು ನಡೆಸುವ ಸಂಶೋಧನೆಯನ್ನು ಅದು ಪ್ರೋತ್ಸಾಹಿಸುತ್ತದೆ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕಾ ಅವರು ಇಲಿಯ ಸಾಮಾನ್ಯ ಜೀವಕೋಶವನ್ನೇ ಆಕರಕೋಶದಂತೆ ಬದಲಿಸಿ ತೋರಿಸಿದರು. ಮರುವರ್ಷವೇ ಮನುಷ್ಯನ ಚರ್ಮದ ಕೋಶಗಳಲ್ಲೂ ಅದು ಸಾಧ್ಯವಾಯಿತು. 2012ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಭ್ರೂಣವನ್ನು ನಾಶಮಾಡದೆಯೂ ಮುಂದೆ ಹೋಗುವ ದಾರಿಯಿದೆ ಎಂದು ಒಂದು ಪ್ರಯೋಗಾಲಯ ತೋರಿಸಿಕೊಟ್ಟಿತು. ಇಂಥ ದಾರಿಗಳನ್ನು ಹುಡುಕುವವರು ನಮ್ಮ ಮನೆಗಳಿಂದಲೂ ಹೊರಡಬೇಡವೇ?

ಮೇಜಿನ ಮೇಲಿರುವುದು ಯಾರ ದೇಹ?

ಈಗ ಕಷ್ಟದ ಪ್ರಶ್ನೆಗೆ ಬರೋಣ. ಶಿಕ್ಷಕರು ಸಿಕ್ಕರೂ ದೇಹವಿಲ್ಲದೆ ಅಂಗರಚನೆಯ ಪಾಠ ಪೂರ್ಣವಾಗದು. ಬೆರಳು ತಾಗಿಸಿದರೆ ಅಂಗಾಂಗ ಕಾಣುವ ಕಂಪ್ಯೂಟರ್ ಮೇಜುಗಳು ಬಂದಿವೆ. ಅವು ಉಪಯುಕ್ತವೂ ಹೌದು. ಆದರೆ ಒಬ್ಬರಂತೆ ಇನ್ನೊಬ್ಬರ ದೇಹ ಇರುವುದಿಲ್ಲ, ರಕ್ತನಾಳ ಪುಸ್ತಕದ ಚಿತ್ರದಂತೆ ಸಾಗುವುದಿಲ್ಲ ಎಂಬುದನ್ನು ಕಲಿಸುವುದು ನಿಜವಾದ ದೇಹವೇ.

ಈ ದೇಹಗಳು ಎಲ್ಲಿಂದ ಬರುತ್ತವೆ? ಕರ್ನಾಟಕದಲ್ಲಿ 1957ರ ಅಂಗರಚನಾಶಾಸ್ತ್ರ ಕಾಯ್ದೆಯಿದೆ. ವಾರಸುದಾರರಿಲ್ಲದ ಶವಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಒಪ್ಪಿಸಲು ಅದು ಅವಕಾಶ ನೀಡುತ್ತದೆ. ಇಂಥ ಕಾಯ್ದೆಗಳ ಮೂಲ ಇಂಗ್ಲೆಂಡಿನ 1832ರ ಕಾನೂನು. ಎಡಿನ್‌ಬರ್ಗ್‌ನಲ್ಲಿ 1828ರಲ್ಲಿ ಇಬ್ಬರು ದುರುಳರು ಬಡವರನ್ನು ಕೊಂದು ಶವಗಳನ್ನು ಅಂಗರಚನಾ ಶಿಕ್ಷಕರಿಗೆ ಮಾರಿದ ಪ್ರಕರಣ ಬಯಲಾದ ಮೇಲೆ ಆ ಕಾನೂನು ಬಂತು. ಕೊಲೆ ನಿಂತಿತು. ಆದರೆ ಅನಾಥಾಲಯದಲ್ಲಿ, ಬಡವರ ಆಶ್ರಯಗಳಲ್ಲಿ ದಿಕ್ಕಿಲ್ಲದೆ ಸತ್ತವರ ದೇಹ ಮೇಜಿಗೆ ಬಂತು. ಶ್ರೀಮಂತರ ದೇಹ ಸಮಾಧಿಗೆ ಹೋಯಿತು.

ಇಂದಿಗೂ ಸ್ಥಿತಿ ಪೂರ್ತಿ ಬದಲಾಗಿಲ್ಲ. ಬಸ್ ನಿಲ್ದಾಣದಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ ಕೊನೆಯುಸಿರೆಳೆದ, ಹೆಸರು ಕೂಡ ಗೊತ್ತಿಲ್ಲದ ಕೂಲಿಕಾರ ಅಥವಾ ಭಿಕ್ಷುಕನನ್ನು ಯಾರೂ ಒಪ್ಪಿಗೆ ಕೇಳುವುದಿಲ್ಲ. ಬದುಕಿದ್ದಾಗ ಶಾಲೆಯ ಮೆಟ್ಟಿಲು ಹತ್ತದವನು ಸತ್ತ ಮೇಲೆ ವೈದ್ಯರಿಗೆ ಗುರುವಾಗುತ್ತಾನೆ. ಅವನ ಋಣ ತೀರಿಸುವವರು ಯಾರು?

ಪೋಪ್ ಹನ್ನೆರಡನೇ ಪಿಯುಸ್ 1956ರ ಮೇ ತಿಂಗಳಲ್ಲಿ ನೇತ್ರದಾನಿಗಳನ್ನೂ ಕಣ್ಣಿನ ವೈದ್ಯರನ್ನೂ ಉದ್ದೇಶಿಸಿ ಮಾತನಾಡುತ್ತ ಇದನ್ನೇ ಎತ್ತಿದ್ದರು. ಮೃತದೇಹವನ್ನು ವಿಜ್ಞಾನಕ್ಕಾಗಿ, ರೋಗಿಗಳ ಒಳಿತಿಗಾಗಿ ಕೊಡುವುದು ತಪ್ಪಲ್ಲ ಎಂದು ಅವರು ಸ್ಪಷ್ಟಪಡಿಸಿದರು. ಅದೇ ಉಸಿರಿನಲ್ಲಿ, ಬಂಧುಗಳ ಭಾವನೆ ಮತ್ತು ಒಪ್ಪಿಗೆಗೆ ಮನ್ನಣೆ ಇರಬೇಕೆಂದರು. ಸಾರ್ವಜನಿಕ ಆಸ್ಪತ್ರೆಯ ಬಡ ರೋಗಿಗಳ ಶವಗಳು ಮಾತ್ರ ವೈದ್ಯಕೀಯ ಶಿಕ್ಷಣಕ್ಕೆ ಹೋಗಿ ಸ್ಥಿತಿವಂತರ ಶವಗಳು ಹೋಗದಿರುವುದು ನ್ಯಾಯವಲ್ಲ ಎಂದರು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ ವೈಜ್ಞಾನಿಕ ಸಂಶೋಧನೆಗಾಗಿ ಶವಪರೀಕ್ಷೆಯನ್ನು ನೈತಿಕವಾಗಿ ಒಪ್ಪುತ್ತದೆ. ಮರಣಾನಂತರದ ಅಂಗದಾನವನ್ನು ಪುಣ್ಯಕಾರ್ಯವೆಂದು ಕರೆಯುತ್ತದೆ. ಜೊತೆಗೆ ಮೃತದೇಹವನ್ನು ಗೌರವ ಮತ್ತು ಪ್ರೀತಿಯಿಂದ ಕಾಣಬೇಕೆಂದೂ, ಸತ್ತವರನ್ನು ಹೂಳುವುದು ದಯೆಯ ಕಾರ್ಯವೆಂದೂ ಬೋಧಿಸುತ್ತದೆ.

ದೇಹದಾನದಿಂದ ಪುನರುತ್ಥಾನಕ್ಕೆ ಅಡ್ಡಿಯಾಗುತ್ತದೆಯೇ ಎಂದು ಹಿರಿಯರು ಕೇಳುವುದುಂಟು. ಕಡಲಿನಲ್ಲಿ ಮುಳುಗಿ ದೇಹ ಸಿಗದೆ ಹೋದ ನಮ್ಮ ಮೀನುಗಾರರನ್ನು ಎಬ್ಬಿಸಬಲ್ಲ ದೇವರಿಗೆ ಡಿಸೆಕ್ಷನ್ ಹಾಲ್‌ನಲ್ಲಿ ಮಲಗಿದವರನ್ನು ಎಬ್ಬಿಸುವುದು ಕಷ್ಟವೇ?

ದೇಹದಾನ ಮನೆಯವರ ನಡುವೆ ಬಿರುಕು ಮೂಡಿಸಬಾರದು ಎಂಬುದಕ್ಕೆ ನೆರೆಯ ಕೇರಳದ ಪ್ರಕರಣ ಪಾಠವಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಹಿರಿಯ ಕಮ್ಯುನಿಸ್ಟ್ ನಾಯಕ, ಮಾಜಿ ಸಂಸದ ಎಂ. ಎಂ. ಲಾರೆನ್ಸ್ ಕೊಚ್ಚಿಯಲ್ಲಿ ನಿಧನರಾದರು. ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡಬೇಕೆಂದು ಅವರು ಬಾಯಿಮಾತಿನಲ್ಲಿ ತಿಳಿಸಿದ್ದರೆಂದು ಮಗ ಹೇಳಿದರು. ಕ್ರೈಸ್ತ ವಿಧಿಯಂತೆ ಹೂಳಬೇಕೆಂದು ಮಗಳು ಪಟ್ಟು ಹಿಡಿದರು. ಅಂತಿಮ ದರ್ಶನದ ಸ್ಥಳದಲ್ಲೇ ಜಗಳ ನಡೆಯಿತು. ವಿವಾದ ಕೇರಳ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೂ ಹೋಯಿತು. 2025ರ ಜನವರಿಯಲ್ಲಿ ಮಗಳ ಮೇಲ್ಮನವಿ ವಜಾ ಆಯಿತು. ಅಷ್ಟರ ತನಕ ತಂದೆಯ ಶವ ಶೀತಲ ಕೊಠಡಿಯಲ್ಲಿ ಕಾಯಬೇಕಾಯಿತು. ಬದುಕಿರುವಾಗಲೇ ಬರೆದಿಟ್ಟು, ಮಕ್ಕಳನ್ನೆಲ್ಲ ಕೂರಿಸಿ ಹೇಳಿದ್ದರೆ ಈ ನೋವು ತಪ್ಪುತ್ತಿತ್ತು.

ನಾವೇನು ಮಾಡಬಹುದು?

ಮೊದಲನೆಯದಾಗಿ, ಯುವಜನರಿಗೆ ಸರಿಯಾದ ಮಾರ್ಗದರ್ಶನ. ನಮ್ಮ ಕರಿಯರ್ ಶಿಬಿರಗಳಲ್ಲಿ ನರ್ಸಿಂಗ್, ಎಂಜಿನಿಯರಿಂಗ್, ಗಲ್ಫ್ ಕೆಲಸಗಳ ಜೊತೆ ಈ ಓದನ್ನೂ ಪರಿಚಯಿಸಬೇಕು. ಆದರೆ ಬಣ್ಣ ಹಚ್ಚದೆ ಹೇಳಬೇಕು. ವೈದ್ಯಕೀಯ ಕಾಲೇಜಿನ ಬೋಧಕ ಹುದ್ದೆಗೆ ಪ್ರಾಣಿಶಾಸ್ತ್ರದ ಸಾಮಾನ್ಯ ಎಂಎಸ್ಸಿ ನಡೆಯದು, ಮಾನ್ಯತೆ ಪಡೆದ ಮೆಡಿಕಲ್ ಎಂಎಸ್ಸಿ ಮತ್ತು ಅದರ ಮೇಲೆ ಪಿಎಚ್‌ಡಿ ಬೇಕು. ಹುದ್ದೆಗಳಿಗೆ ಮಿತಿಯಿದೆ, ನಿಯಮ ಮತ್ತೆ ಬದಲಾಗಬಹುದು. ದಂತ ವೈದ್ಯಕೀಯ, ನರ್ಸಿಂಗ್, ಫಿಸಿಯೊಥೆರಪಿ ಕಾಲೇಜುಗಳಲ್ಲೂ ಅಂಗರಚನಾಶಾಸ್ತ್ರ ಕಲಿಸುವವರು ಬೇಕು. ಸಂಶೋಧನೆಯ ಒಲವಿದ್ದವರು ಜೀವವಿಜ್ಞಾನದಲ್ಲಿ ಸಿಎಸ್‌ಐಆರ್ ನೆಟ್ ಪರೀಕ್ಷೆಗೆ ತಯಾರಾಗಬಹುದು. ಅದರಲ್ಲಿ ಗೆದ್ದ ಕಿರಿಯ ಸಂಶೋಧಕರಿಗೆ ಸಿಗುವ ತಿಂಗಳ ಫೆಲೋಶಿಪ್ ಮೊತ್ತ 2023ರ ಜನವರಿಯಿಂದ ಅನ್ವಯವಾಗುವಂತೆ 37,000 ರೂಪಾಯಿಗೆ ಏರಿದೆ. ವಿದೇಶದ ಆಸೆಯಿದ್ದವರು ಎಂಎಸ್ಸಿಗಿಂತ ಪಿಎಚ್‌ಡಿಗೆ ಅರ್ಜಿ ಹಾಕುವುದು ಮೇಲು. ಅಮೆರಿಕದಲ್ಲಿ ಜೀವವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಶುಲ್ಕ ವಿನಾಯಿತಿಯೂ ಜೀವನಾಧಾರದ ಹಣವೂ ಸಿಗುತ್ತದೆ. ಎಂಎಸ್ಸಿಗೆ ಹೆಚ್ಚಾಗಿ ಕೈಯಿಂದಲೇ ಹಾಕಬೇಕು.

ಎರಡನೆಯದಾಗಿ, ವಿದ್ಯಾನಿಧಿ. ಚರ್ಚುಗಳ ಮತ್ತು ಸಂಘಟನೆಗಳ ವಿದ್ಯಾರ್ಥಿವೇತನಗಳು ಹೆಚ್ಚಾಗಿ ಪದವಿಗೆ ಮುಗಿಯುತ್ತವೆ. ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ಕಾಯುವ ವರ್ಷಗಳಲ್ಲೇ ಬಡ ಮನೆಯ ಮಕ್ಕಳು ಕೈಚೆಲ್ಲುತ್ತಾರೆ. ಒಂದೊಂದು ವಲಯದಿಂದ ಒಬ್ಬರನ್ನಾದರೂ ಆ ವರ್ಷಗಳಲ್ಲಿ ಕೈಹಿಡಿದು ನಡೆಸಲು ಸಾಧ್ಯವಿಲ್ಲವೇ?

ಮೂರನೆಯದಾಗಿ, ಸಂಸ್ಥೆಗಳ ಹೊಣೆ. ಕ್ರೈಸ್ತ ಆಡಳಿತದ ಸಂಸ್ಥೆಗಳು ಈ ಬೋಧಕರಿಗೆ ನ್ಯಾಯವಾದ ಸಂಬಳವನ್ನೂ ಕೆಲಸದ ಭದ್ರತೆಯನ್ನೂ ಕೊಡುವುದರಲ್ಲಿ ಮೇಲ್ಪಂಕ್ತಿಯಾಗಬೇಕು. ಶವಗಳನ್ನು ಕೆಡದಂತೆ ಇಡಲು ಬಳಸುವ ಫಾರ್ಮಾಲಿನ್‌ನ ಆವಿ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿದೆ. ದಿನವಿಡೀ ಆ ಗಾಳಿಯಲ್ಲಿರುವವರು ಬೋಧಕರು ಮತ್ತು ಯಾರೂ ಹೆಸರು ಹೇಳದ ಅಟೆಂಡರುಗಳು. ಒಳ್ಳೆಯ ಗಾಳಿ ಬೆಳಕು, ಕೈಗವಸು, ಮುಖಗವಸು ಅವರ ಹಕ್ಕು.

ನಾಲ್ಕನೆಯದಾಗಿ, ದೇಹದಾನದ ಕುರಿತು ಮುಕ್ತ ಮಾತುಕತೆ. ಮೃತರನ್ನು ನೆನೆಯುವ ನವೆಂಬರ್ ತಿಂಗಳು ಇದಕ್ಕೆ ಸೂಕ್ತ ಕಾಲ. ವಾರ್ಡ್ ಸಭೆಗಳಲ್ಲಿ, ಕಿರು ಕ್ರೈಸ್ತ ಸಮುದಾಯಗಳಲ್ಲಿ ವೈದ್ಯರನ್ನು ಕರೆದು ಕೇಳಬಹುದು. ಇಚ್ಛೆಯುಳ್ಳವರು ಹತ್ತಿರದ ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಅರ್ಜಿ ಪಡೆದು, ಸಾಕ್ಷಿಗಳ ಸಹಿಯೊಂದಿಗೆ ತುಂಬಿಕೊಡಬೇಕು, ಮನೆಯವರಿಗೆ ತಿಳಿಸಬೇಕು. ಮರಣದ ನಂತರ ದೇಹ ಒಪ್ಪಿಸುವವರು ಮನೆಯವರೇ ಆದ್ದರಿಂದ ಅವರ ಒಪ್ಪಿಗೆ ಇಲ್ಲದಿದ್ದರೆ ಕಾಗದಕ್ಕೆ ಬೆಲೆಯಿಲ್ಲ. ಮರಣೋತ್ತರ ಪರೀಕ್ಷೆಯಾದ ಅಥವಾ ಕೆಲವು ಸೋಂಕುಗಳಿರುವ ದೇಹಗಳನ್ನು ಕಾಲೇಜುಗಳು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಕಣ್ಣುಗಳನ್ನು ದಾನ ಮಾಡಿದ ಮೇಲೂ ದೇಹವನ್ನು ಕೊಡಬಹುದು. ದೇಹವನ್ನು ಒಪ್ಪಿಸುವ ಮೊದಲು ಚರ್ಚಿನಲ್ಲಿ ಅಂತ್ಯವಿಧಿಯ ಪ್ರಾರ್ಥನೆ ನಡೆಸಲು ಸಮಯ ಸಿಗುವಂತೆ ಧರ್ಮಗುರುಗಳೊಡನೆ ಮುಂಚಿತವಾಗಿ ಮಾತನಾಡಿಡುವುದು ಒಳ್ಳೆಯದು.

ಕೊನೆಯದಾಗಿ, ದೇಹಗಳಿಗೆ ಸಲ್ಲಬೇಕಾದ ಗೌರವ. ಹೊಸ ಪಠ್ಯಕ್ರಮವು ಶವವನ್ನು ವಿದ್ಯಾರ್ಥಿಯ ಮೊದಲ ಗುರು ಎಂದು ಕಾಣುವ ಒಂದು ಪಾಠವನ್ನೇ ಇಟ್ಟಿದೆ. ಥೈಲೆಂಡಿನಲ್ಲಿ ದೇಹದಾನಿಗಳನ್ನು ದೊಡ್ಡ ಗುರುಗಳು ಎಂದೇ ಕರೆದು, ಕಲಿಕೆ ಮುಗಿದ ಮೇಲೆ ವಿದ್ಯಾರ್ಥಿಗಳೇ ಅಂತ್ಯಕ್ರಿಯೆಯಲ್ಲಿ ಭಾಗವಹಿಸುತ್ತಾರೆ. ನಮ್ಮ ಊರಿನ ಕಾಲೇಜುಗಳಲ್ಲಿ ಕಲಿಕೆ ಮುಗಿದ ನಂತರ ಉಳಿದ ಅವಶೇಷಗಳಿಗೆ ಯೋಗ್ಯ ಸಂಸ್ಕಾರವಾಗುತ್ತಿದೆಯೇ ಎಂದು ವಿಚಾರಿಸುವುದು ಪಾಲನಾ ಪರಿಷತ್ತುಗಳಿಗೆ ಸಾಧ್ಯ. ಹೆಸರಿಲ್ಲದೆ ಸತ್ತ, ಯಾರೂ ಅಳದ, ಆದರೆ ನಮ್ಮೆಲ್ಲರ ವೈದ್ಯರನ್ನು ತಯಾರು ಮಾಡಿದ ಆ ಬಡವರಿಗಾಗಿ ವರ್ಷಕ್ಕೊಮ್ಮೆ ಒಂದು ಬಲಿಪೂಜೆಯನ್ನು ಅರ್ಪಿಸಲು ಯಾವ ನಿಯಮಾವಳಿಯೂ ಅಡ್ಡಬಾರದು. ಚರ್ಚ್ ಸ್ಮಶಾನದ ಒಂದು ಮೂಲೆಯಲ್ಲಿ ಅವರಿಗೂ ಆರಡಿ ಜಾಗ ಕೊಡಲು ಅಡ್ಡಿಯಾಗಬಹುದಾದದ್ದು ನಮ್ಮ ಮನಸ್ಸು ಮಾತ್ರ.